ಹದಿನಾಲ್ಕು ಸೊಟ್ಟ ಓಟುಗಳು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಬರೀ ಹಿರಗನದಲ್ಲಿ, ನಮ್ಮಲ್ಲಿ ಮಕ್ಕಳು ಮೊದಲು ಕಲಿಯುವ ಸುಲಭದ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನನಗೆ ಬರುವುದು ಆ ನಲವತ್ತಾರು ಅಕ್ಷರ ಮಾತ್ರ. ಓದಿದವರು ಬರೆಯುವಾಗ ಚೀನಾದಿಂದ ಬಂದ ದೊಡ್ಡಕ್ಷರಗಳನ್ನು ಸಾಲಾಗಿ ಇಟ್ಟು, ಅವುಗಳ ಬಾಲಕ್ಕೆ, ಸಂದುಗೊಂದಿಗೆ ಮಾತ್ರ ಹಿರಗನ ಹಾಕುತ್ತಾರೆ, ಕಲ್ಲಿನ ಗೋಡೆ ಕಟ್ಟುವಾಗ ನಡುವೆ ಮಣ್ಣು ಮೆತ್ತಿದ ಹಾಗೆ. ನನ್ನ ಹತ್ತಿರ ಕಲ್ಲಿಲ್ಲ, ಪೂರ್ತಿ ಮಣ್ಣಿನ ಗೋಡೆಯೇ. ನಮಗೆ ಕಲಿಸುವ ತೆರಶಿಮಾ ಟೀಚರ್, "ಅಲ್ಲಲ್ಲಿ ಒಂದೆರಡು ದೊಡ್ಡಕ್ಷರ ಸೇರಿಸಿ ಚೆಂದ ಮಾಡಿಕೊಡ್ಲಾ ಯೊನೆಯಮ್ಮ?" ಎಂದು ಕೇಳಿದರು. ಬೇಡ ಎಂದೆ. ಒಂದನೇ ಕ್ಲಾಸಿನ ಮಗು ಬರೆದ ಹಾಗೆ ಕಂಡರೆ ಕಾಣಲಿ. ಏನಾಯಿತೆಂದು ಓದಿದವರಿಗೆ ತಿಳಿದರೆ ಸಾಕು.

ನಾನು ಹಮಾಸಾಕಿ ಯೊನೆ, ವಯಸ್ಸು ಐವತ್ತೆಂಟು. ಹಿನೊಉರದ ಕಡಲ ದಂಡೆಯಲ್ಲಿ ಹಿಜಿಕಿ ಎಂಬ ತಿನ್ನುವ ಪಾಚಿಯನ್ನು ಬೇಯಿಸಿ ಒಣಗಿಸುವುದು ನನ್ನ ಕೆಲಸ. ಗಂಡ ಸತ್ತು ಹನ್ನೊಂದು ವರ್ಷವಾಯಿತು. ಮಗ ಕಿಯೊಹಾರುವಿಗೆ ಇಪ್ಪತ್ತೊಂಬತ್ತು, ಓಗುರಿ ಧಣಿಯ ಬಲೆದೋಣಿಯಲ್ಲಿ ದುಡಿಯುತ್ತಾನೆ. ಊರಿನ ದೋಣಿಗಳೆಲ್ಲ ಓಗುರಿಯದು, ಬಲೆಯೂ ಅವನದು. ದಂಡೆಯಲ್ಲಿ ಯಾರು ಎಲ್ಲಿ ಪಾಚಿ ಹರವಬೇಕೆಂದು ಹೇಳುವವನೂ ಅವನೇ.

ಈ ಓಗುರಿ ನನ್ನ ಬೆನ್ನ ಮೇಲೆ ಬೆಳೆದವನು. ಏಳನೇ ವಯಸ್ಸಿಗೆ ನನ್ನನ್ನು ಅವರ ಮನೆಗೆ ಮಗು ಎತ್ತಲು ಬಿಟ್ಟರು. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಯ ಕಿಟಕಿಯ ಕೆಳಗೆ ನಿಲ್ಲುತ್ತಿದ್ದೆ. ಒಳಗೆ ನನ್ನ ವಯಸ್ಸಿನವರೆಲ್ಲ ಒಂದೇ ದನಿಯಲ್ಲಿ ಅಕ್ಷರ ಹೇಳುತ್ತಿದ್ದರು. ನಾನು ತುಟಿ ಅಲ್ಲಾಡಿಸುವಷ್ಟರಲ್ಲಿ ಇವನು ಕಿಟಾರನೆ ಕಿರುಚುತ್ತಿದ್ದ, ಮೇಷ್ಟ್ರು ಬಂದು ಕೋಳಿ ಓಡಿಸಿದಂತೆ ನನ್ನನ್ನು ಓಡಿಸುತ್ತಿದ್ದರು. ಅವನು ದೊಡ್ಡವನಾದ ಮೇಲೆ ಅವನ ತಂಗಿ, ಅವಳಾದ ಮೇಲೆ ಅವಳ ತಮ್ಮ. ನನ್ನ ಬೆನ್ನ ಮೇಲೆ ಉಚ್ಚೆ ಹೊಯ್ದವನು ಪೇಟೆಯ ಶಾಲೆಗೆ ಹೋಗಿ ಸಾವಿರಗಟ್ಟಲೆ ದೊಡ್ಡಕ್ಷರ ಕಲಿತು ಬಂದ. ನಾನು ನನ್ನ ಹೆಸರಿನ ಎರಡು ಹಿರಗನವನ್ನೂ ಕಲಿಯದೆ ಮದುವೆಯಾಗಿ, ಮಗ ಹೆತ್ತು, ಮುದುಕಿಯಾದೆ.

ಓಟು ಹಾಕಬೇಕೆಂದರೆ ಬೇಕಾದವರ ಹೆಸರನ್ನು ಚೀಟಿಯ ಮೇಲೆ ಕೈಯಾರೆ ಬರೆಯಬೇಕು. ಬರೆಯಲು ಬಾರದವರಿಗೆ ಕಾನೂನಿನಲ್ಲಿ ಒಂದು ದಾರಿ ಇಟ್ಟಿದ್ದಾರೆ. ಇಬ್ಬರು ಹತ್ತಿರ ಬರುತ್ತಾರೆ, ನಾವು ಹೆಸರು ಹೇಳಬೇಕು, ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಸರಿಯಾಗಿ ಬರೆದನೋ ಎಂದು ನೋಡುತ್ತಾನೆ. ಕೇಳಲು ಬಹಳ ನ್ಯಾಯವಾಗಿದೆ. ಆದರೆ ಹಿನೊಉರದಲ್ಲಿ ಬರೆದುಕೊಡುವವನು ಯಾರು? ಕೇರಿಯ ಯಜಮಾನ ಇವಾತಾನಿ, ಓಗುರಿಯ ಬಲಗೈ. ಗಂಡನಿದ್ದಾಗ ಗಂಡ ಹೇಳಿದ ಹೆಸರು, ಅವನು ಸತ್ತ ಮೇಲೆ ಊರು ಹೇಳಿದ ಹೆಸರು, ಹೀಗೆ ಇಪ್ಪತ್ತು ವರ್ಷ ಹೇಳಿಕೊಂಡು ಬಂದೆ. ಪ್ರತಿಸಲವೂ ಅದು ಓಗುರಿಯ ಹೆಸರೇ.

ನಾಲ್ಕು ವರ್ಷದ ಹಿಂದೆ ಪಟ್ಟಣದ ಸಭೆಗೆ ಚುನಾವಣೆ ಬಂದಾಗ ನನಗೆ ಬೇರೆ ಬುದ್ಧಿ ಬಂತು. ನಮ್ಮ ದಂಡೆಯನ್ನು ಮಣ್ಣು ಹಾಕಿ ತುಂಬಿಸಿ, ಎಣ್ಣೆಯ ದೊಡ್ಡ ದೊಡ್ಡ ತೊಟ್ಟಿ ಕಟ್ಟಲು ಯಾವುದೋ ಕಂಪನಿಗೆ ಕೊಡುತ್ತಾರೆಂದು ಸುದ್ದಿ. ಓಗುರಿ ಅದರ ಪರ. ಪಕ್ಕದ ಕೇರಿಯ ಕುರೊಕಾವಾ ಎಂಬುವವನು ಅದರ ವಿರುದ್ಧ ನಿಂತಿದ್ದ. ನಾನು ಇವಾತಾನಿಯ ಕಿವಿಯ ಹತ್ತಿರ ಬಾಗಿ, ಉಸಿರಲ್ಲೇ, "ಕುರೊಕಾವಾ" ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬರೆದ. ಸುಳ್ಳು ಹೇಳಬಾರದು, ಸರಿಯಾಗಿಯೇ ಬರೆದ. ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸುದ್ದಿ ಧಣಿಯ ಮನೆ ಮುಟ್ಟಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮಾರನೇ ವಾರ ನನ್ನ ಜಾಗ ಬದಲಾಯಿತು, ಅಷ್ಟೇ. ಮೂವತ್ತು ವರ್ಷ ನಾನು ಪಾಚಿ ಹರವಿದ ಬಿಸಿಲು ಜಾಗವನ್ನು ಬೇರೆಯವರಿಗೆ ಕೊಟ್ಟು, ನನ್ನನ್ನು ಬಂಡೆಯ ನೆರಳಿಗೆ ತಳ್ಳಿದರು. ಅಲ್ಲಿ ಮಧ್ಯಾಹ್ನದವರೆಗೆ ಬಿಸಿಲಿನ ಸುಳಿವಿಲ್ಲ. ಆ ವರ್ಷ ನನ್ನ ಹಿಜಿಕಿಯಲ್ಲಿ ಅರ್ಧ ಬೂಷ್ಟು ಹಿಡಿದು ಕಡಲಿಗೇ ಹೋಯಿತು. ದಾರಿಯಲ್ಲಿ ಸಿಕ್ಕಿದ ಇವಾತಾನಿ ಹಲ್ಲು ಕಿರಿದು, "ಹೇಗಿದೆ ಯೊನೆಯಮ್ಮ, ಹೊಸ ಜಾಗ ತಂಪಾಗಿದ್ಯಾ?" ಎಂದು ಕೇಳಿದ. ನನ್ನ ಮೈಯೆಲ್ಲ ಉರಿದುಹೋಯಿತು.

ಜ್ಞಾನಕ್ಕಾಗಿ ಅಕ್ಷರ ಕಲಿಯುವವರು ಇರಬಹುದು. ನಾನು ಕಲಿತದ್ದು ಸಿಟ್ಟಿಗೆ. ಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದ ತೆರಶಿಮಾ ಟೀಚರ್, ಪಾಚಿ ಒಣಗಿಸಲಾಗದ ಮಳೆಯ ದಿನಗಳಲ್ಲಿ, ದೇವಸ್ಥಾನದ ಹಿಂದಿನ ಕೋಣೆಯಲ್ಲಿ ಪಾಠ ಶುರುಮಾಡಿದರು. ಸೇರಿದ್ದು ಮೂವರೇ: ನಾನು, ಮಿತ್ಸು, ಕನೆ. ಊರಿಗೆಲ್ಲ ನಾವು ತಮಾಷೆಯ ವಸ್ತು. "ಏನ್ರಮ್ಮಾ, ಇವತ್ತು ಯಾವ ಅಕ್ಷರ ಬೇಯಿಸಿದ್ರಿ?" ಎಂದು ದೋಣಿಯವರು ಕೂಗುತ್ತಿದ್ದರು. ಮೊದಲ ದಿನ ಪೆನ್ಸಿಲು ಹಿಡಿದಾಗ ಅದು ಬೆರಳಲ್ಲಿ ನಿಲ್ಲಲೇ ಇಲ್ಲ. ಮೂವತ್ತು ವರ್ಷ ಕುದಿಯುವ ಹಂಡೆಯಲ್ಲಿ ಕೋಲಾಡಿಸಿದ ಕೈ, ಪೆನ್ಸಿಲನ್ನೂ ಕೋಲಿನ ಹಾಗೆ ಹಿಡಿಯಿತು. 'ರೊ' ಬರೆಯಲು ಹೋದರೆ ತಿರುಚಿಕೊಂಡ ಮೀನಿನ ಗಾಳ, 'ಸೆ' ಬರೆದರೆ ಮುರಿದ ಬೇಲಿ. ಒದ್ದೆ ಮರಳಿನಲ್ಲಿ ಬರೆದೆ, ಹಂಡೆಯ ಮಸಿಯಲ್ಲಿ ಬರೆದೆ, ಕಿಯೊಹಾರುವಿನ ಹಳೇ ಶಾಲೆಯ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಅವನು ನೋಡಿ ನಗುತ್ತಿದ್ದ. "ಅಮ್ಮ, ನಿನ್ನ ಅಕ್ಷರ ಎಲ್ಲಾ ಕುಡಿದು ಬಂದ ಹಾಗಿವೆ."

"ನಗು, ನಗು. ನೀನು ಕಲಿಯೋವಾಗ ನಾನು ನಗಲಿಲ್ಲ," ಎನ್ನುತ್ತಿದ್ದೆ.

ಶೋವಾ ಐವತ್ತನೇ ವರ್ಷದ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತೈದರ ಏಪ್ರಿಲಿಗೆ ಮತ್ತೆ ಚುನಾವಣೆ ಬಂತು. ಓಗುರಿಯ ಮುಖವಿದ್ದ ಪೋಸ್ಟರು ಬೇಲಿಬೇಲಿಯ ಮೇಲೆ. ಅವನ ಹೆಸರು ದೊಡ್ಡಕ್ಷರದಲ್ಲಿ ಅಲ್ಲ, ಹಿರಗನದಲ್ಲಿ, ಒಂದೊಂದು ಅಕ್ಷರ ಬುಟ್ಟಿಯಷ್ಟು ಅಗಲ. ಅಡಿಯಲ್ಲಿ, 'ಮೂರೇ ಅಕ್ಷರ, ಯಾರು ಬೇಕಾದರೂ ಬರೆಯಬಹುದು' ಎಂದಿತ್ತು. ಅದನ್ನು ನಾನೇ ಓದಿದೆ, ಬೇಲಿಯ ಮುಂದೆ ನಿಂತು, ಬೆರಳಿಟ್ಟು. ಓದಿ ಮುಗಿಯುವ ಹೊತ್ತಿಗೆ ಹಲ್ಲು ಕಡಿಯುತ್ತಿದ್ದೆ. ಹೆಂಗಸರ ಅಕ್ಷರವೆಂದು ಮೂಗು ಮುರಿಯುವವನು, ನನ್ನನ್ನು ಆ ಅಕ್ಷರದ ಹತ್ತಿರವೂ ಸುಳಿಯಗೊಡದವನು, ಓಟು ಬೇಕಾದಾಗ ಅದೇ ಅಕ್ಷರ ಉಟ್ಟುಕೊಂಡು ಬೇಲಿಯ ಮೇಲೆ ನಿಂತಿದ್ದ! ದಂಡೆಯನ್ನು ಉಳಿಸಬೇಕೆಂದು ಈ ಸಲ ನಿಂತವರು ಸೂಲಗಿತ್ತಿ ಹಿರೊಸೆ ಇಕು. ಐದು ಅಕ್ಷರ. ಹಿ, ರೊ, ಸೆ, ಇ, ಕು. ಹಂಡೆ ಕಲಕುತ್ತ ಕಲಕುತ್ತ ಆ ಐದನ್ನೂ ಗಾಳಿಯಲ್ಲಿ ಎಷ್ಟು ಸಲ ಬರೆದೆನೋ ದೇವರಿಗೇ ಗೊತ್ತು.

ಓಟಿನ ದಿನ ಭಾನುವಾರ. ಮಿತ್ಸು ಪಟ್ಟಣದ ಆಸ್ಪತ್ರೆಯಲ್ಲಿದ್ದಳು, ಬರಲಿಲ್ಲ. ಕನೆಗೆ ಓಟು ಹಾಕುವ ಶಾಲೆಯ ಬಾಗಿಲಲ್ಲೇ ಧೈರ್ಯ ಉಡುಗಿತು. "ನಂಗಾಗಲ್ಲ ಯೊನೆ, ಕೈ ನಡುಗ್ತಿದೆ," ಎಂದವಳೇ ಹೋಗಿ ಇವಾತಾನಿಯ ಮುಂದೆ ಓಗುರಿಯ ಹೆಸರನ್ನು ಊರಿಗೆಲ್ಲ ಕೇಳುವ ಹಾಗೆ ಹೇಳಿಬಂದಳು. ಆಮೇಲೆ ನನ್ನ ಸರದಿ.

"ಬನ್ನಿ ಬನ್ನಿ ಯೊನೆಯಮ್ಮ," ಇವಾತಾನಿ ಕುರ್ಚಿಯಿಂದ ಎದ್ದೇಬಿಟ್ಟಿದ್ದ, ಪೆನ್ಸಿಲು ಆಗಲೇ ಕೈಯಲ್ಲಿ. "ಎಂದಿನ ಹಾಗೆ ನಾನೇ ಬರ್ದುಬಿಡ್ತೀನಿ."

"ಬೇಡ. ನಾನೇ ಬರೀತೀನಿ."

"ಏನಂದ್ರಿ?"

"ಕಿವಿ ಕೇಳ್ಸಲ್ವಾ? ನಾನೇ ಬರೀತೀನಿ ಅಂದೆ."

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು. ಇವಾತಾನಿ ದನಿ ತಗ್ಗಿಸಿ, ಹಟ ಹಿಡಿದ ಮಗುವಿಗೆ ಹೇಳುವಂತೆ ಹೇಳಿದ, "ಒಂದು ಗೀಟು ಹೆಚ್ಚುಕಡಿಮೆಯಾದ್ರೂ ಓಟು ಹಾಳಾಗತ್ತೆ ಕಣಮ್ಮಾ. ಸುಮ್ನೆ ಯಾಕೆ?"

"ಹಾಳಾಗೋದು ನನ್ನ ಓಟು, ನಿಂದಲ್ಲ. ಪೆನ್ಸಿಲ್ ಕೆಳಗಿಡು."

ಚೀಟಿ ಕೊಡುವ ಪಟ್ಟಣದ ಹುಡುಗಿ ತಲೆ ಬಗ್ಗಿಸಿಕೊಂಡು ಚೀಟಿ ಕೊಟ್ಟಳು. ಹಲಗೆಯ ಮರೆಗೆ ಹೋದೆ. ಎದುರಿಗೆ, ಚುನಾವಣೆಗೆ ನಿಂತವರ ಹೆಸರಿನ ಪಟ್ಟಿ ಅಂಟಿಸಿದ್ದರು. ದೊಡ್ಡಕ್ಷರಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮಗ್ಗುಲಲ್ಲಿ ಅದನ್ನು ಓದಿಸುವ ಪುಟ್ಟ ಪುಟ್ಟ ಹಿರಗನ. ನಾನು ಪುಟ್ಟವನ್ನು ಮಾತ್ರ ನೋಡಿದೆ. ಹಿ, ರೊ, ಸೆ, ಇ, ಕು. ಬೆವರು ಕಣ್ಣಿಗಿಳಿಯಿತು. ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದೆ. 'ಸೆ' ಸೊಟ್ಟಗಾಯಿತು, 'ಕು' ಸಾಲು ಬಿಟ್ಟು ಕೆಳಗಿಳಿಯಿತು. ಆದರೂ ಐದಕ್ಕೆ ಐದೂ ಅಲ್ಲಿದ್ದವು. ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕಿದಾಗ ಐವತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಮನಸ್ಸಿನ ಮಾತೊಂದು ಯಾರ ಕಿವಿಗೂ ಬೀಳದೆ ಹೋಯಿತು. ಆ ಸಂತೋಷ ಒಂದು ದಿನವೂ ಬಾಳಲಿಲ್ಲ.

ಎಣಿಕೆ ನಡೆದದ್ದು ಮಾರನೇ ದಿನ, ಪಟ್ಟಣದಲ್ಲಿ. ಸಭೆಯಲ್ಲಿ ಇರುವುದು ಹದಿನಾರು ಜಾಗ, ಹೆಚ್ಚು ಓಟು ಬಿದ್ದ ಹದಿನಾರು ಮಂದಿಗೆ. ಕೊನೆಯ ಜಾಗ ಹಿರೊಸೆ ಇಕು ಅವರಿಗೆ ಸಿಕ್ಕಿತು. ಹನ್ನೊಂದು ಓಟಿನಿಂದ ಓಗುರಿ ಸೋತ. ಅವನ ಪರವಾಗಿ ಎಣಿಕೆಯ ಮೇಜಿನ ಹತ್ತಿರ ಕೂತಿದ್ದ ಇವಾತಾನಿ ಮಧ್ಯಾಹ್ನದ ಬಸ್ಸಿಗೆ ಇಳಿದವನೇ ನೇರವಾಗಿ ನನ್ನ ಹಂಡೆಯ ಹತ್ತಿರ ಬಂದ. ಮುಖ ಕೆಂಡವಾಗಿತ್ತು.

"ಹದಿನಾಲ್ಕು!" ಎಂದ. "ಹದಿನಾಲ್ಕು ಚೀಟಿ, ಎಲ್ಲಾ ಹಿರಗನ, ಎಲ್ಲಾ ಸೊಟ್ಟ, ಎಲ್ಲಾ ಆ ಸೂಲಗಿತ್ತಿಗೆ! ನೋಡಿದ ತಕ್ಷಣ ಗೊತ್ತಾಯ್ತು ನಂಗೆ, ಯಾರ ಕೆಲಸ ಅಂತ. ಇಡೀ ಪಟ್ಟಣದಲ್ಲಿ ಮುದುಕೀರಿಗೆ ಅಕ್ಷರ ಕಲಿಸೋ ಜಾಗ ಇರೋದು ಇದೊಂದೇ."

"ಕಲಿಯೋರು ಮೂವರು," ಎಂದೆ. "ಒಬ್ಬಳು ಆಸ್ಪತ್ರೇಲಿ. ಇನ್ನೊಬ್ಬಳ ಕೈಲಿ ನೀನೇ ಹೇಳಿಸ್ಕೊಂಡೆ. ಲೆಕ್ಕ ಬರಲ್ವಾ ನಿಂಗೆ?"

"ಲೆಕ್ಕ ನಂಗೆ ಹೇಳ್ಕೊಡ್ಬೇಡ. ಕದ್ದುಮುಚ್ಚಿ ಇನ್ನೆಷ್ಟು ಜನಕ್ಕೆ ಕಲಿಸಿದೀಯೋ. ಬುಧವಾರ ಕೇರಿಯ ಸಭೆ. ಬಂದು ಕೈಯೂರಿ ಕ್ಷಮೆ ಕೇಳು. ಇಲ್ಲ ಅಂದ್ರೆ ಕಿಯೊಹಾರು ದೋಣಿ ಹತ್ತೋ ಹಾಗಿಲ್ಲ ಅಂತ ಧಣಿ ಹೇಳಿದಾರೆ. ದಂಡೇಲಿ ನಿಂಗೆ ನೆರಳೂ ಇಲ್ಲ, ಬಿಸಿಲೂ ಇಲ್ಲ."

ಸಂಜೆಯಾಗುವ ಮುಂಚೆಯೇ ಮಗ ಮನೆಗೆ ಬಂದ, ದೋಣಿಯಿಂದ ಇಳಿಸಿ ಕಳಿಸಿದ್ದರು. ಒಳಗೆ ಬಂದವನೇ ಬೂಟು ಎಸೆದ.

"ನೆಮ್ಮದಿಯಾಯ್ತಾ ನಿಂಗೆ? ಬರುವ ವರ್ಷ ಚುಕ್ಕಾಣಿ ಕೊಡ್ತೀನಿ ಅಂದಿದ್ರು ನಂಗೆ. ಈಗ ಹೋಯ್ತು! ನಿನ್ನ ಅಕ್ಷರದ ಹುಚ್ಚಿಗೆ ನನ್ನ ಅನ್ನಕ್ಕೆ ಮಣ್ಣು ಹಾಕ್ದೆ."

"ನಾನು ಹಾಕಿದ್ದು ಒಂದು ಓಟು ಕಣೋ. ಒಂದೇ ಒಂದು."

"ಯಾರು ನಂಬ್ತಾರೆ? ಹೋಗಿ ಕ್ಷಮೆ ಕೇಳಮ್ಮ. ಎರಡು ಕೈ ನೆಲಕ್ಕಿಟ್ಟರೆ ನಿನ್ನ ಗಂಟೇನು ಹೋಗತ್ತೆ?"

ಸೋಮವಾರ ಹೀಗೆ, ಮಂಗಳವಾರವೂ ಹೀಗೆ. ಊಟಕ್ಕೆ ಕೂತರೆ ಅದೇ ಮಾತು, ಎದ್ದರೆ ಅದೇ ಮಾತು. ನಾನೂ ಬಿಡಲಿಲ್ಲ, ಅವನೂ ಬಿಡಲಿಲ್ಲ. ನೆರೆಯವರು ನನ್ನನ್ನು ಕಂಡರೆ ದಾರಿ ದಾಟಿ ಆಚೆ ಬದಿಗೆ ಹೋಗುತ್ತಿದ್ದರು.

ಮಂಗಳವಾರ ಮಧ್ಯಾಹ್ನ ಹಂಡೆ ಕಲಕುತ್ತಿದ್ದಾಗ ನನಗೆ ತಟ್ಟನೆ ಹೊಳೆಯಿತು. ನಮ್ಮ ಕೇರಿಯಲ್ಲಿ ಸುದ್ದಿಯ ಹಲಗೆಯೊಂದು ಮನೆಯಿಂದ ಮನೆಗೆ ತಿರುಗುತ್ತದೆ. ಓದಿದ ಮೇಲೆ ಪ್ರತಿ ಮನೆಯವರೂ ಹೆಸರು ಬರೆದು ಪಕ್ಕದ ಮನೆಗೆ ಕೊಡಬೇಕು. ಕೊನೆಗೆ ಅದು ಇವಾತಾನಿಗೆ ವಾಪಸು ಹೋಗುತ್ತದೆ. ಕೇರಿಯ ಅರವತ್ತು ಮನೆಯವರ ಕೈಬರಹ ಅವನಿಗೆ ಬಾಯಿಪಾಠ. ಹಿರೊಸೆ ಅವರಿಗೆ ಓಟು ಹಾಕಬೇಕೆಂದಿದ್ದ ಓದಿದ ಜನ, ತಮ್ಮ ಕೈಯಲ್ಲಿ ಬರೆದರೆ ಎಣಿಕೆಯ ಮೇಜಿನ ಹತ್ತಿರ ಇವಾತಾನಿ ಗುರುತು ಹಿಡಿದಾನೆಂದು ಹೆದರಿದ್ದಾರೆ. ಬಚ್ಚಿಟ್ಟುಕೊಳ್ಳಲು ಜಾಗ ಹುಡುಕಿದ್ದಾರೆ. ಜಾಗ ಸಿಕ್ಕಿದೆ, ನನ್ನ ಬೆನ್ನ ಹಿಂದೆ! ಬಲಗೈಯಿಂದ ಎಡಗೈಗೆ ಪೆನ್ಸಿಲು ಬದಲಾಯಿಸಿ, ದೊಡ್ಡಕ್ಷರ ಬಿಟ್ಟು, ನಿನ್ನೆ ಅಕ್ಷರ ಕಲಿತ ಮುದುಕಿಯ ಹಾಗೆ ಸೊಟ್ಟಗೆ ಬರೆದಿದ್ದಾರೆ. ಸಿಕ್ಕಿಬಿದ್ದರೆ ಯಾರು ಸಿಕ್ಕಿಬೀಳುತ್ತಾರೆ? ಯೊನೆ.

ಕೈಯಲ್ಲಿದ್ದ ಕೋಲನ್ನು ಹಂಡೆಗೆ ಅಪ್ಪಳಿಸಿದೆ. ಓಗುರಿಯ ಮೇಲಿದ್ದ ಸಿಟ್ಟು ಹಳೆಯದು, ಅದರ ಜೊತೆ ಬದುಕಿ ಅಭ್ಯಾಸವಾಗಿತ್ತು. ಇದು ಬೇರೆ. ಮೂರೂವರೆ ವರ್ಷ ಮಳೆಯಲ್ಲಿ ಕೂತು, ನಗೆಪಾಟಲಾಗಿ, ಬೆರಳು ಸೆಟೆದು ನೋಯುವ ತನಕ ಬರೆದು ನಾನು ಸಂಪಾದಿಸಿದ್ದು ಆ ಸೊಟ್ಟ ಅಕ್ಷರ. ಅದನ್ನು ಒಂದು ಗಳಿಗೆಯ ಮುಖವಾಡ ಮಾಡಿಕೊಂಡು, ಕೆಲಸವಾದ ಮೇಲೆ ಬಿಸಾಕಿ ಹೋಗಿದ್ದರು, ಹದಿಮೂರು ಮಂದಿ.

ಆದರೂ ಬುಧವಾರ ನಾನು ಕ್ಷಮೆ ಕೇಳಲೆಂದೇ ಹೊರಟೆ. ಮಗನ ದೋಣಿ ಮುಖ್ಯ ಎಂದುಕೊಂಡೆ. ನನ್ನ ಮಾನ ಎಷ್ಟು ದಿನ ಉಳಿಯುತ್ತದೆ, ಅವನ ಹೊಟ್ಟೆ ಇನ್ನೂ ನಲವತ್ತು ವರ್ಷ ತುಂಬಬೇಕು. ಮಧ್ಯಾಹ್ನ ಎರಡಕ್ಕೆ ಸಭೆಯ ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಚಾಪೆಯ ಮೇಲೆ ಇಡೀ ಕೇರಿ. ನಡುವೆ ಓಗುರಿ, ಪಕ್ಕದಲ್ಲಿ ಇವಾತಾನಿ. ಗೋಡೆಗೊರಗಿ ಮಗ ತಲೆ ತಗ್ಗಿಸಿ ಕೂತಿದ್ದ.

ಮಂಡಿಯೂರಿದೆ. ಎರಡೂ ಕೈಯನ್ನು ಚಾಪೆಯ ಮೇಲಿಟ್ಟೆ. ಹಣೆ ಇನ್ನೂ ಬಗ್ಗಿಸಿರಲಿಲ್ಲ, ಇವಾತಾನಿ ಕಾಗದವನ್ನೂ ಪೆನ್ಸಿಲನ್ನೂ ನನ್ನ ಮುಂದೆ ತಳ್ಳಿದ.

"ಬರೀ ಬಾಯಿ ಮಾತು ಸಾಲದು. ಬರಿ. 'ಹದಿನಾಲ್ಕು ಓಟನ್ನೂ ನಾನೇ ಹೇಳ್ಕೊಟ್ಟು ಬರೆಸಿದೆ, ಊರಿನ ಕ್ಷಮೆ ಕೇಳ್ತೀನಿ' ಅಂತ ಬರಿ. ನಿಂಗೆ ಬರತ್ತಲ್ಲ ಈಗ, ಹೆಂಗಸರ ಅಕ್ಷರ. ಸುದ್ದಿ ಹಲಗೆಗೆ ಸಿಗಿಸಿ ಮನೆಮನೆಗೂ ಕಳಿಸ್ತೀವಿ."

ನಗು. ಎಲ್ಲರ ನಗು. ಅದರಲ್ಲಿ ಹದಿಮೂರು ಮಂದಿಯ ನಗುವೂ ಇತ್ತು. ಬಗ್ಗಬೇಕೆಂದಿದ್ದ ಕುತ್ತಿಗೆ ಆ ನಗು ಕೇಳಿ ಕಬ್ಬಿಣವಾಯಿತು.

ಪೆನ್ಸಿಲು ತೆಗೆದುಕೊಂಡೆ. ಅವಸರ ಮಾಡಲಿಲ್ಲ. ಟೀ ಆರಿತು, ಯಾರೋ ಆಕಳಿಸಿದರು, ನಾನು ಬರೆಯುತ್ತಲೇ ಇದ್ದೆ. ಮುಗಿಸಿ ಕಾಗದವನ್ನು ಇವಾತಾನಿಯ ಕಡೆ ನೂಕಿದೆ. ಅವನು ಅದನ್ನು ಎತ್ತಿಹಿಡಿದು, ಎಲ್ಲರನ್ನೂ ನಗಿಸಬೇಕೆಂದು, ಒಂದನೇ ಕ್ಲಾಸಿನ ಮಗುವಿನ ರಾಗದಲ್ಲಿ ಒಂದೊಂದೇ ಅಕ್ಷರ ಓದತೊಡಗಿದ.

"ಒಂ... ದು... ನ... ನ್ನ... ದು."

ಜನ ಬಿದ್ದು ಬಿದ್ದು ನಕ್ಕರು.

"ಹದಿ... ಮೂ... ರು... ಇ... ಲ್ಲಿ... ಕೂ... ತ..."

ಅಲ್ಲಿಗೆ ಅವನ ರಾಗ ನಿಂತಿತು. ನಗು ಒಂದೊಂದು ಕಡೆಯಿಂದ ಆರುತ್ತ ಬಂತು.

"ಓದಯ್ಯಾ," ಎಂದೆ. "ನಿಂಗೆ ಸಾವಿರಗಟ್ಟಲೆ ಅಕ್ಷರ ಬರತ್ತಲ್ಲ. ಈ ನಾಲ್ಕು ಓದಕ್ಕಾಗಲ್ವಾ?"

ಓಗುರಿ ಕಾಗದ ಕಿತ್ತುಕೊಂಡು ತಾನೇ ಓದಿದ. ಒಂದು ನನ್ನದು. ಹದಿಮೂರು ಇಲ್ಲಿ ಕೂತವರದು. ಎಡಗೈಯಲ್ಲಿ ಬರೆದವರು ಈಗ ಬಲಗೈ ಎತ್ತಿ. ಅವನ ಕತ್ತಿನ ನರ ಉಬ್ಬಿತು.

"ಯಾರು? ಹೆಸರು ಹೇಳು."

"ಗೊತ್ತಿಲ್ಲ ಧಣಿ. ಗೊತ್ತಿದ್ರೂ ಹೇಳ್ತಿರ್ಲಿಲ್ಲ. ಕಿವೀಲಿ ಹೇಳಿದ್ದನ್ನ ಹೊತ್ಕೊಂಡು ಬೇರೆ ಮನೆಗೆ ಹಾಕೋ ಬುದ್ಧಿ ಇವಾತಾನೀದು, ನಂದಲ್ಲ. ನಾನು ಹಾಕಿದ್ದು ಹಿರೊಸೆ ಇಕು ಅವರಿಗೆ. ನನ್ನ ಬಾಯಲ್ಲಿ ನಾನೇ ಹೇಳ್ತಿದೀನಿ, ಕೇಳ್ಕೊಳಿ. ಚಿಕ್ಕವರಿದ್ದಾಗ ನಿಮ್ಮನ್ನ ಹೊತ್ತೆ. ಈ ಹದಿಮೂರು ಜನಾನೂ ಹೊರೋಕೆ ನನ್ನ ಕೈಲಾಗಲ್ಲ."

ತಿರುಗಿ ಜನರನ್ನು ನೋಡಿದೆ. "ಏಳ್ರೋ. ಓದಿದೋರಲ್ವಾ ನೀವು? ನಾಚಿಕೆ ಅನ್ನೋ ಅಕ್ಷರ ಕಲಿಸ್ಲಿಲ್ವಾ ನಿಮ್ಮ ಶಾಲೇಲಿ? ಮೂರೂವರೆ ವರ್ಷ ನನ್ನ ನೋಡಿ ನಕ್ಕು, ಕೊನೆಗೆ ನನ್ನ ಬೆನ್ನ ಹಿಂದೇನೇ ಬಚ್ಚಿಟ್ಕೊಂಡ್ರಾ! ಥೂ!"

ಒಂದು ಕೈಯೂ ಮೇಲೇಳಲಿಲ್ಲ. ಚಾಪೆ ನೋಡುವವರು ಚಾಪೆ ನೋಡಿದರು, ಟೀ ಲೋಟ ನೋಡುವವರು ಲೋಟ ನೋಡಿದರು. ಓಗುರಿ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಎದ್ದು ಹೊರಗೆ ಬಂದೆ, ಚಪ್ಪಲಿ ಮೆಟ್ಟಿಕೊಂಡು ಕಡಲಗೋಡೆಯ ಪಕ್ಕ ನಡೆದೆ.

ಹಿಂದಿನಿಂದ ಓಡಿಬರುವ ಸದ್ದು ಕೇಳಿತು. ಕಿಯೊಹಾರು.

"ಅಮ್ಮ, ನಿಲ್ಲು."

"ಗೊತ್ತು ಕಣೋ, ದೋಣಿ ಹೋಯ್ತು. ಬೈಯೋದಿದ್ರೆ ಮನೇಲಿ ಬೈ. ಬೀದೀಲಿ ಬೇಡ."

"ಅದಲ್ಲಮ್ಮ." ಅವನು ಉಸಿರು ಎಳೆದುಕೊಂಡ. ಮುಖ ಬಿಳಚಿಕೊಂಡಿತ್ತು. "ಒಂದು ನಂದು."

"ಏನು ನಿಂದು?"

"ಆ ಹದಿಮೂರರಲ್ಲಿ ಒಂದು. ನಂಗೂ ದಂಡೆ ಬೇಕು ಅನ್ನಿಸ್ತು. ನನ್ನ ಬರಹ ಇವಾತಾನಿಗೆ ಗೊತ್ತು. ನಿನ್ನ ಪುಸ್ತಕದಲ್ಲಿ ನೋಡಿದ್ನಲ್ಲ, ಅದೇ ತರ... ನಿನ್ನ ತರಾನೇ ಬರ್ದೆ."

ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಡಲಿನ ಸದ್ದೂ ಕೇಳದೆ ಹೋಯಿತು. ಮೂರು ದಿನ ನನ್ನನ್ನು ಬೈದವನು, ಬೂಟು ಎಸೆದವನು, ಅನ್ನಕ್ಕೆ ಮಣ್ಣು ಹಾಕಿದೆ ಎಂದವನು, ಈಗಷ್ಟೇ ನನ್ನ ಕೈ ಚಾಪೆ ಮುಟ್ಟುವುದನ್ನು ಗೋಡೆಗೊರಗಿ ನೋಡಿದವನು! ಊರಿನವರು ನನ್ನ ಅಕ್ಷರ ಹೇಗಿರಬಹುದೆಂದು ಊಹಿಸಿ ಬರೆದಿದ್ದರು. ಇವನು ನೋಡಿಕೊಂಡೇ ಬರೆದಿದ್ದ.

ಕೈಯೆತ್ತಿ ಕೆನ್ನೆಗೆ ಬಾರಿಸಿದೆ. ಇಪ್ಪತ್ತೊಂಬತ್ತು ವರ್ಷದ ಗಂಡಸು, ನನಗಿಂತ ಒಂದು ಮೊಳ ಎತ್ತರ. ಅವನು ತಪ್ಪಿಸಿಕೊಳ್ಳಲಿಲ್ಲ.

"ಕುಡಿದು ಬಂದ ಹಾಗಿವೆ ಅಂತ ನಗ್ತಿದ್ಯಲ್ಲೋ! ಅದೇ ಬೇಕಾಯ್ತಾ ನಿಂಗೆ?"

"ಹೆದರಿಕೆ ಆಯ್ತಮ್ಮ."

"ನಂಗೆ ಆಗ್ಲಿಲ್ವಾ? ನಡುಗೋ ಕೈಲಿ ಬರೆದ್ನಲ್ಲೋ ನಾನು! ನ... ಡು... ಗೋ... ಕೈಲಿ!" ಅಳು ಬಂತು. ಅಳಲು ನನಗೆ ಇಷ್ಟವಿರಲಿಲ್ಲ, ಅದಕ್ಕೂ ಸಿಟ್ಟು ಬಂತು. "ಹೋಗು. ವಾಪಸ್ ಹೋಗು. ನಂಗೆ ಹೇಳಿ ಏನುಪಯೋಗ? ಅಲ್ಲಿ ಹೇಳು. ಹೇಳದೆ ನನ್ನ ಹೊಸಿಲು ತುಳೀಬೇಡ."

"ದೋಣಿ ಮತ್ತೆ ಯಾವತ್ತೂ ಸಿಗಲ್ಲಮ್ಮ."

"ಸಿಗಲ್ಲ."

ಅವನು ಸಭೆಯ ಮನೆಯ ಕಡೆ ತಿರುಗಿ ನಡೆದ. ನಾನು ಹಿಂದೆಯೇ ಹೋದೆ, ಒಳಗೆ ಹೋಗಲಿಲ್ಲ, ಚಪ್ಪಲಿಗಳ ರಾಶಿಯ ಹತ್ತಿರ ನಿಂತೆ. ಒಳಗೆ ಗಲಾಟೆಯಾಗುತ್ತಿತ್ತು. ಬಾಗಿಲು ಸರಿದ ಸದ್ದಿಗೆ ನಿಂತಿತು. ನನ್ನ ಮಗನ ದನಿ ಕೇಳಿತು, ಚಿಕ್ಕಂದಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದಾಗ ಬರುತ್ತಿದ್ದ ದನಿ.

"ಅದ್ರಲ್ಲಿ ಒಂದು ನಂದು. ಎಡಗೈಲಿ ಬರ್ದೆ. ನಮ್ಮಮ್ಮನ ಅಕ್ಷರ ನೋಡಿ ಬರ್ದೆ. ಹೇಳ್ಕೊಟ್ಟಿದ್ದು ಯಾರೂ ಅಲ್ಲ."

ಓಗುರಿ ಏನೋ ಕಿರುಚಿದ. "ಇನ್ಯಾರು? ಇನ್ಯಾರು?" ಎಂದು ಓಗುರಿ ಎರಡು ಸಲ ಕೇಳಿದ. ನಾನು ಹೊರಗೆ ನಿಂತು ಕಾದೆ. ಯಾರೋ ಕೆಮ್ಮಿದರು, ಅಷ್ಟೇ.

ಬಾಗಿಲು ಸರಿಸಿ ಕಿಯೊಹಾರು ಹೊರಗೆ ಬಂದ. ಕೆನ್ನೆಯ ಮೇಲೆ ನನ್ನ ಬೆರಳು ಐದೂ ಮೂಡಿದ್ದವು. ಕೂತು ಬೂಟು ಹಾಕಿಕೊಂಡ.

"ಹೇಳ್ದೆ," ಎಂದ.

"ಕೇಳಿಸ್ತು," ಎಂದೆ.

ಅವನ ಜೊತೆ ಮನೆಯ ಕಡೆ ಹೊರಟೆ. ಸಿಟ್ಟು ಇಳಿದಿರಲಿಲ್ಲ, ಇವತ್ತಿಗೂ ಇಳಿದಿಲ್ಲ. ಇನ್ನೂ ಹನ್ನೆರಡು ಮಂದಿ ಒಳಗೆ ಕೂತೇ ಇದ್ದರು.